ಅಬ್ಬಿ ನೀರಿಗೆ ಹಾಟ್ ಟಬ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟದ ಮನೆಯಿದೆ. ಹಳೆಯ ಬೆನ್ನುನೋವಿಗೆ ಒಂದು ಉಪಾಯವಾಗಲೆಂದು ಕಳೆದ ವರ್ಷದ ಅಕ್ಟೋಬರಿನಲ್ಲಿ, ನಾಲ್ಕು ಜನ ಕೂರಬಹುದಾದ, 1,200 ಲೀಟರ್ ನೀರು ಹಿಡಿಯುವ ಅಕ್ರಿಲಿಕ್ ಹಾಟ್ ಟಬ್ಬೊಂದನ್ನು ಬೆಂಗಳೂರಿನ ಮಾರಾಟಗಾರರೊಬ್ಬರಿಂದ ತರಿಸಿಕೊಂಡೆ. ಹೋಂಸ್ಟೇಗಳ ಜಾಹೀರಾತಿನಲ್ಲಿ ಇದನ್ನೇ ಜಕೂಜಿ ಎಂದು ಕರೆಯುವ ರೂಢಿಯಿದ್ದರೂ ಅದು ಒಂದು ಕಂಪನಿಯ ಹೆಸರು. ನನ್ನಲ್ಲಿರುವುದು ಆ ಕಂಪನಿಯದಲ್ಲ. ಮಾರಿದವರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಟಬ್ ಚೆನ್ನಾಗಿದೆ, ಅದರೊಡನೆ ಬಂದ ನೀರಿನ ನಿರ್ವಹಣೆಯ ಸಲಹೆ ಮಾತ್ರ ಮಲೆನಾಡಿನ ನೀರಿಗೆ ಸಂಪೂರ್ಣ ತಪ್ಪು ಎಂಬುದು ನನ್ನ ಅಭಿಪ್ರಾಯ. ಈ ವಿಮರ್ಶೆಯ ಬಹುಪಾಲು ಆ ಎರಡನೆಯ ವಿಷಯದ ಬಗ್ಗೆಯೇ ಇರುತ್ತದೆ.

ಟಬ್ಬಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅಂಚುಗಳು ನಯವಾಗಿವೆ, ಕೂರುವ ಜಾಗ ಸೊಂಟಕ್ಕೆ ಒಪ್ಪುತ್ತದೆ, ನೀರು ಚಿಮ್ಮಿಸುವ ಜೆಟ್ಟುಗಳ ಒತ್ತಡ ಸಾಕಷ್ಟಿದೆ. 3 ಕಿಲೋವ್ಯಾಟ್ ಹೀಟರು 22 ಡಿಗ್ರಿಯ ನೀರನ್ನು 39 ಡಿಗ್ರಿಗೆ ತರಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ, ಅಂದರೆ ಸುಮಾರು 24 ಯೂನಿಟ್ ವಿದ್ಯುತ್ತು. ಸಂಜೆಯ ಹೊತ್ತು ವೋಲ್ಟೇಜ್ ಕುಸಿಯುವ ನಮ್ಮಂಥ ಊರುಗಳಲ್ಲಿ ಇದು ಹತ್ತು ಗಂಟೆಯನ್ನೂ ದಾಟುತ್ತದೆ. 40 ಡಿಗ್ರಿಗಿಂತ ಮೇಲೆ ಏರದಂತೆ ತಡೆಯಿದೆ, ಅದು ಇರಲೇಬೇಕು. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಇದನ್ನು ಯಾರೂ ಚಾಲೂ ಮಾಡಬಾರದು.

ಟಬ್ ಮನೆಗೆ ಬಂದ ದಿನ ಅಮ್ಮ ಒಂದೇ ಪ್ರಶ್ನೆ ಕೇಳಿದರು: "ದಿನಾ ಹೊಸ ನೀರು ತುಂಬ್ತಿಯೋ, ಅದೇ ನೀರೋ?" ಅದೇ ನೀರು, ಎರಡು ತಿಂಗಳವರೆಗೆ ಎಂದಾಗ ಅವರು ಟಬ್ಬಿನ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಬಚ್ಚಲೊಲೆಗೆ ಅಡಿಕೆ ಹಾಳೆ ಒಟ್ಟಿ, ಹಂಡೆಯಿಂದ ತೋಡಿದ ನೀರನ್ನು ಒಮ್ಮೆ ಮೈಮೇಲೆ ಹೊಯ್ದರೆ ಅದು ಹರಿದು ಹೋಯಿತು. ಮಾರನೆಯ ದಿನಕ್ಕೆ ಅದರ ಯೋಚನೆಯಿಲ್ಲ. ಟಬ್ಬಿನಲ್ಲಿ ಹಾಗಲ್ಲ. ಇಂದು ಕುಳಿತವರ ಬೆವರು, ಮೈಯ ಜಿಡ್ಡು, ಬಟ್ಟೆಯ ಸೋಪು, ಎಲ್ಲವೂ ನಾಳೆಗೂ ಅದೇ ಬೆಚ್ಚನೆಯ ನೀರಿನಲ್ಲಿ ಉಳಿಯುತ್ತವೆ. ಆ ಬಿಸಿಯಲ್ಲಿ ಸುಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ರೋಮದ ಬುಡದಲ್ಲಿ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ಲೀಜಿಯೊನೆಲ್ಲಾ ಬೆಳೆದರೆ ಜೆಟ್ಟಿನ ತುಂತುರಿನ ಮೂಲಕ ಉಸಿರಿನೊಳಗೆ ಹೋಗಿ ನ್ಯುಮೋನಿಯಾವನ್ನೇ ತರಬಲ್ಲದು. ಆದ್ದರಿಂದ ಕ್ಲೋರಿನ್ ಅಥವಾ ಬ್ರೋಮಿನ್ ಬೇಕೇ ಬೇಕು, ಮತ್ತು ಅದು ಕೆಲಸ ಮಾಡುವಂತೆ ನೀರಿನ ಹದವನ್ನು ಕಾಯಬೇಕು.

ಮಾರಾಟಗಾರರು ಟಬ್ಬಿನೊಡನೆ ಕೊಟ್ಟ ಪೆಟ್ಟಿಗೆಯಲ್ಲಿ ಹರಳು ರೂಪದ ಡೈಕ್ಲೋರ್ (ನೀರಿಗೆ ಕ್ಲೋರಿನ್ ಕೊಡುವ ರಾಸಾಯನಿಕ), ಪಿಎಚ್ (ನೀರು ಎಷ್ಟು ಹುಳಿ ಎಂಬುದರ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಇಳಿಸುವ ಪುಡಿ, ಪಿಎಚ್ ಏರಿಸುವ ಪುಡಿ, ಒಂದು ಡಬ್ಬಿ ಪರೀಕ್ಷಾ ಪಟ್ಟಿಗಳು ಮತ್ತು ಲ್ಯಾಮಿನೇಟ್ ಮಾಡಿದ ಒಂದು ಸೂಚನಾ ಹಾಳೆ ಇದ್ದವು. ನೀರು ತುಂಬಿದ ಕೂಡಲೇ 100 ಗ್ರಾಂ ಪಿಎಚ್ ಇಳಿಸುವ ಪುಡಿಯನ್ನು ಹಾಕಬೇಕೆಂಬುದು ಆ ಹಾಳೆಯ ಮೊದಲ ಸಾಲು. ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರಿಗೆ ಇದು ಸರಿಯಿರಬಹುದು, ಏಕೆಂದರೆ ಆ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿರುತ್ತದೆ, ಹಾಕಿದ ಆಮ್ಲವನ್ನು ಅದು ನುಂಗಿಕೊಳ್ಳುತ್ತದೆ. ನಮ್ಮ ಮನೆಗೆ ಬರುವುದು ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿಯುವ ಅಬ್ಬಿ ನೀರು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನ ಮಣ್ಣಿನಲ್ಲಿ ಕರಗಬೇಕಾದ ಸುಣ್ಣದ ಅಂಶವೆಲ್ಲ ಎಂದೋ ಕರಗಿ ಸಮುದ್ರ ಸೇರಿದೆ; ಉಳಿದಿರುವ ನೀರು ಹೆಚ್ಚುಕಡಿಮೆ ಮಳೆಯ ನೀರೇ. ನಾನು ಅಳೆದಾಗ ಅದರ ಪಿಎಚ್ 6.4, ಒಟ್ಟು ಕ್ಷಾರೀಯತೆ (ಆಮ್ಲವನ್ನು ನುಂಗಿಕೊಳ್ಳುವ ಶಕ್ತಿ) 20 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗಕ್ಕೆ 20 ಭಾಗ), ಗಡಸುತನವೂ ಸುಮಾರು ಅಷ್ಟೇ ಇತ್ತು. ಆದರೆ ಅಳೆದದ್ದು ನಂತರ. ಮೊದಲು ಸೂಚನಾ ಹಾಳೆಯನ್ನು ನಂಬಿ 100 ಗ್ರಾಂ ಪುಡಿಯನ್ನು ಹಾಕಿದ್ದೆ. ಪಟ್ಟಿಯನ್ನು ಅದ್ದಿದರೆ ಡಬ್ಬಿಯ ಮೇಲಿನ ಕೊನೆಯ ಬಣ್ಣಕ್ಕಿಂತಲೂ ಕೆಳಗಿನ ಹಳದಿ ಬಂತು. ಪಟ್ಟಿ ಹಾಳಾಗಿರಬೇಕೆಂದುಕೊಂಡು ಅದೇ ನೀರಿನಲ್ಲಿ ವಾರಗಟ್ಟಲೆ ಕುಳಿತದ್ದು ನನ್ನ ತಪ್ಪು.

ಈ ತಪ್ಪಿಗೆ ನಾಚಿಕೆಪಡಲು ನನಗೆ ಇನ್ನೊಂದು ಕಾರಣವೂ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ, ಮೈಲುತುತ್ತ ಮತ್ತು ಸುಣ್ಣ ಸರಿಯಾಗಿ ಬೆರೆತಿವೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಉಳಿದಿದೆ ಎಂದು ಅರ್ಥ, ಇನ್ನಷ್ಟು ಸುಣ್ಣ ಬೇಕು. ಹುಳಿ ನೀರು ಲೋಹವನ್ನು ಬಿಡುವುದಿಲ್ಲವೆಂಬ ಈ ಪಾಠವನ್ನು ಪ್ರತಿ ಮಳೆಗಾಲವೂ ತೋಟದಲ್ಲಿ ಮಾಡುವ ನಾನು ಟಬ್ಬಿನ ಮುಂದೆ ಮರೆತುಬಿಟ್ಟಿದ್ದೆ. ಐದನೆಯ ತಿಂಗಳಲ್ಲಿ ಹೀಟರಿನ ಕಾಯಿಲು ತೂತುಬಿದ್ದು ಆರ್‌ಸಿಸಿಬಿ ಬೀಳತೊಡಗಿತು. ಬಿಚ್ಚಿ ನೋಡಿದರೆ ಲೋಹದ ಮೈಯೆಲ್ಲ ಸಿಡುಬಿನ ಕಲೆಯಂತೆ ಕೊರೆದುಹೋಗಿತ್ತು.

ಮಾರಾಟಗಾರರ ಸೇವೆಯ ಪರೀಕ್ಷೆ ಆದದ್ದು ಆಗ. ಫೋನಿನಲ್ಲಿ ಮಾತನಾಡಿದವರು ಸೌಜನ್ಯದಿಂದಲೇ ಮಾತನಾಡಿದರು, ಫೋಟೋಗಳನ್ನು ಕೇಳಿದರು, ಹನ್ನೆರಡು ದಿನಗಳ ನಂತರ 'ನೀರಿನ ರಸಾಯನ ಸರಿಯಾಗಿ ಕಾಯದ ಕಾರಣ ವಾರಂಟಿ ಅನ್ವಯಿಸುವುದಿಲ್ಲ' ಎಂದು ಉತ್ತರಿಸಿದರು. ನೀವು ಕೊಟ್ಟ ಹಾಳೆಯಂತೆಯೇ ಕಾದಿದ್ದೇನೆ ಎಂದು ಅದರ ಚಿತ್ರವನ್ನೇ ಕಳುಹಿಸಿದೆ. ಹಾಳೆಯು ಸಾಮಾನ್ಯ ಮಾರ್ಗದರ್ಶನಕ್ಕೆ ಮಾತ್ರ ಎಂಬ ಮರುತ್ತರ ಬಂತು. ಹೊಸ ಹೀಟರನ್ನು ನಾನೇ ಹಣ ಕೊಟ್ಟು ತರಿಸಿ, ಶಿವಮೊಗ್ಗದ ಮೋಟಾರ್ ರಿಪೇರಿಯವರೊಬ್ಬರಿಂದ ಹಾಕಿಸಿದೆ. ಅವರು ಮಾಡಿದ ಕೆಲಸ ಅಚ್ಚುಕಟ್ಟಾಗಿತ್ತು, ತೆಗೆದುಕೊಂಡ ಕೂಲಿಯೂ ನ್ಯಾಯವಾಗಿತ್ತು.

ಅಲ್ಲಿಂದ ಮುಂದೆ ನೀರನ್ನು ನಾನೇ ಕಲಿತೆ. ಹೊಸ ನೀರು ತುಂಬಿದ ಮೇಲೆ ಮೊದಲು ಸರಿಪಡಿಸಬೇಕಾದುದು ಕ್ಷಾರೀಯತೆ, ಆಮೇಲೆ ಪಿಎಚ್, ಆಮೇಲೆ ಗಡಸುತನ, ಕೊನೆಗೆ ಕ್ಲೋರಿನ್. ಕ್ಷಾರೀಯತೆಗೆ ವಿಶೇಷ ಪುಡಿಯೇನೂ ಬೇಕಿಲ್ಲ, ಅಡುಗೆ ಸೋಡಾ ಸಾಕು. 1,000 ಲೀಟರ್ ನೀರಿಗೆ 17 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ನನ್ನ ಟಬ್ಬಿನಲ್ಲಿ 20ರಿಂದ 60ಕ್ಕೆ ಏರಿಸಲು 80 ಗ್ರಾಂ ಬೇಕಾಯಿತು. ಸಾಮಾನ್ಯವಾಗಿ 80ರಿಂದ 120 ಇರಲಿ ಎನ್ನುತ್ತಾರೆ, ಆದರೆ ಜೆಟ್ಟುಗಳು ಗಾಳಿಯನ್ನು ಕಲಕುವಾಗ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ತಾನಾಗಿ ಏರುತ್ತದೆ, ಕ್ಷಾರೀಯತೆ ಹೆಚ್ಚಿದ್ದಷ್ಟೂ ಬೇಗ ಏರುತ್ತದೆ. ಹಾಗಾಗಿ 60 ನನಗೆ ಹೊಂದಿಕೊಂಡಿದೆ. ಸೋಡಾ ಹಾಕಿ ಒಂದು ಗಂಟೆ ಜೆಟ್ ಬಿಟ್ಟರೆ, ಪಿಎಚ್ ಏರಿಸುವ ಪುಡಿಯನ್ನು ಮುಟ್ಟದೆಯೇ ಪಿಎಚ್ 7.4ಕ್ಕೆ ಬಂದು ನಿಲ್ಲುತ್ತದೆ. 7.2ರಿಂದ 7.8ರ ನಡುವೆ ಇರಬೇಕೆಂಬುದು ನಿಯಮ. 8ಕ್ಕೆ ಏರಿದರೆ ಹಾಕಿದ ಕ್ಲೋರಿನ್ನಿನ ಕಾಲುಭಾಗ ಮಾತ್ರ ಕೊಲ್ಲುವ ಶಕ್ತಿಯುಳ್ಳ ರೂಪದಲ್ಲಿ ಉಳಿಯುತ್ತದೆ.

ಗಡಸುತನಕ್ಕೆ ಬೇಕಾದ ಕ್ಯಾಲ್ಸಿಯಂ ಕ್ಲೋರೈಡ್ ಮಾರಾಟಗಾರರ ಪೆಟ್ಟಿಗೆಯಲ್ಲಿ ಇರಲೇ ಇಲ್ಲ, ಇದು ನನ್ನ ಎರಡನೆಯ ದೂರು. ಮೆದು ನೀರಿನಲ್ಲಿ ನೊರೆ ಬಹಳ ಏಳುತ್ತದೆ. ಸುಮಾರು 230 ಗ್ರಾಂ ಹಾಕಿ ಗಡಸುತನವನ್ನು 150ಕ್ಕೆ ತಂದ ಮೇಲೆ ನೊರೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಇದರ ಬದಲು ಒಂದು ಹಿಡಿ ಸುಣ್ಣ ಹಾಕಿದರಾಗದೇ ಎಂದು ನೆರೆಯವರು ಕೇಳಿದರು. ಆಗದು, ಸುಣ್ಣವು ಪಿಎಚ್ಚನ್ನು ಒಮ್ಮೆಲೇ ಮೇಲಕ್ಕೆ ಹಾರಿಸಿ ನೀರನ್ನು ಮಜ್ಜಿಗೆಯಂತೆ ಮಾಡುತ್ತದೆ.

ಕ್ಲೋರಿನ್ನಿನ ವಿಷಯದಲ್ಲಿ ಡೈಕ್ಲೋರ್ ಅನುಕೂಲವಾದ ವಸ್ತು. ಆರು ಗ್ರಾಂ ಹಾಕಿದರೆ ನನ್ನ ಟಬ್ಬಿನಲ್ಲಿ ಸುಮಾರು 3 ಪಿಪಿಎಂ ಸಿಗುತ್ತದೆ. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ನಿಗೆ 9 ಪಿಪಿಎಂ ಸಯನೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಅದು ಹೋಗುವುದಿಲ್ಲ, ಕೂಡುತ್ತ ಹೋಗಿ ಕ್ಲೋರಿನ್ನನ್ನು ಜಡಗೊಳಿಸುತ್ತದೆ. ಆದ್ದರಿಂದ ಮೊದಲ ಎರಡು ಮೂರು ವಾರ ಡೈಕ್ಲೋರ್ ಹಾಕಿ, ನಂತರ ಸುವಾಸನೆ ಬೆರೆಸದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ ಬದಲಾಯಿಸುತ್ತೇನೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಈಜುಕೊಳದ ದೊಡ್ಡ ಮಾತ್ರೆಗಳನ್ನು ಕೊಡಲು ಬಂದರು. ಅವು ಟ್ರೈಕ್ಲೋರ್, ಬಹಳ ಆಮ್ಲೀಯ. ಇಂಥ ಟಬ್ಬಿಗೆ ಸಲ್ಲ. ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪೌಡರನ್ನು ಡೈಕ್ಲೋರ್ ಇರುವ ಡಬ್ಬಿಯ ಹತ್ತಿರವೂ ತರಬಾರದು. ಅವೆರಡೂ ಬೆರೆತರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಮೂಗಿಗೆ ಹೊಡೆಯುವ ಔಷಧಿಯ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ಎಲ್ಲರೂ ಹೇಳುತ್ತಾರೆ; ಸಾಮಾನ್ಯವಾಗಿ ಅದು ಬೆವರಿನೊಡನೆ ಸೇರಿ ನಿಷ್ಪ್ರಯೋಜಕವಾದ ಕ್ಲೋರಿನ್ನಿನ ವಾಸನೆ, ಪರಿಹಾರ ಇನ್ನಷ್ಟು ಕ್ಲೋರಿನ್ ಹಾಕಿ ಮುಚ್ಚಳ ತೆರೆದಿಡುವುದು.

ಪರೀಕ್ಷಾ ಪಟ್ಟಿಗಳಿಗೆ ನಾನು ಐದರಲ್ಲಿ ಒಂದು ಅಂಕವನ್ನಷ್ಟೇ ಕೊಡುತ್ತೇನೆ. ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ಡಬ್ಬಿಯನ್ನು ನಾಲ್ಕು ಸಲ ತೆರೆದರೆ ಪಟ್ಟಿಗಳು ತೇವ ಹೀರಿ ಸುಳ್ಳು ಬಣ್ಣ ತೋರಿಸುತ್ತವೆ. ಪಂಚಾಯಿತಿಯವರು ಬಾವಿಯ ನೀರಿಗೆ ಬಳಸುವ ಕ್ಲೋರೋಸ್ಕೋಪಿನ ಹಳದಿ ದ್ರಾವಣವೂ ಇಲ್ಲಿ ಪ್ರಯೋಜನಕ್ಕೆ ಬಾರದು; ಅದು ಕೆಲಸಕ್ಕೆ ಬರುವ ಕ್ಲೋರಿನ್ನನ್ನೂ ಸತ್ತ ಕ್ಲೋರಿನ್ನನ್ನೂ ಒಟ್ಟಿಗೆ ಎಣಿಸುತ್ತದೆ. ಕೆಲಸಕ್ಕೆ ಬರುವ ಕ್ಲೋರಿನ್ನನ್ನು ಬೇರೆಯಾಗಿ ಅಳೆಯುವ, ಡಿಪಿಡಿ ಎಂಬ ಮಾತ್ರೆಯಿಂದ ಗುಲಾಬಿ ಬಣ್ಣ ಕೊಡುವ ಕಿಟ್ಟನ್ನೇ ಕೊಳ್ಳಬೇಕು.

ಏಪ್ರಿಲಿನಲ್ಲಿ ಅಬ್ಬಿ ಸಣ್ಣಗಾದಾಗ ಒಮ್ಮೆ ಬೋರ್‌ವೆಲ್ ನೀರು ತುಂಬಿಸಿದೆ. ತಿಳಿಯಾಗಿದ್ದ ನೀರಿಗೆ ಕ್ಲೋರಿನ್ ಬಿದ್ದ ಹತ್ತು ನಿಮಿಷಕ್ಕೆ ಅದು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು, ನೀರಿನಲ್ಲಿದ್ದ ಕಬ್ಬಿಣವೆಲ್ಲ ತುಕ್ಕಾಗಿ ಹೊರಬಂದಿತ್ತು. ಈಗ ಅಂಥ ನೀರನ್ನು ಒಂದು ರಾತ್ರಿ ತೊಟ್ಟಿಯಲ್ಲಿ ಎತ್ತರದಿಂದ ಸುರಿಸಿಟ್ಟು, ಪೈಪಿನ ಬಾಯಿಗೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಕಟ್ಟಿ ತುಂಬಿಸುತ್ತೇನೆ.

ಈ ದೀಪಾವಳಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ಹೊಸದಾಗಿ ಕೊಳ್ಳುವವರಿಗೆ ಮೋಸವಾದೀತು. ನೀರು ತುಂಬುವ ಹಬ್ಬದ ಮರುದಿನ ಬೆಳಗ್ಗೆ ಅಕ್ಕನ ಮಕ್ಕಳು ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಬಚ್ಚಲಿನಲ್ಲಿ ಸೀಗೆಪುಡಿಗಾಗಿ ಸರದಿ ಕಾಯುವ ಬದಲು ನೇರವಾಗಿ ಟಬ್ಬಿಗೆ ಇಳಿದರು. ಅರ್ಧ ಗಂಟೆಯಲ್ಲಿ ಗಂಟಲಮಟ್ಟದ ನೊರೆ ಎದ್ದಿತು, ಅಂಚಿನ ಸುತ್ತ ಬೂದು ಬಣ್ಣದ ಜಿಡ್ಡಿನ ಗೆರೆ ಕೂತಿತು, ಫಿಲ್ಟರಿನ ಮಡಿಕೆಗಳು ಕೊಬ್ಬರಿ ಎಣ್ಣೆಯಿಂದ ಮುಚ್ಚಿಹೋಗಿ ಪಂಪು ನಿಂತಿತು. ಪೂರ್ತಿ ನೀರನ್ನು ಚೆಲ್ಲಬೇಕಾಯಿತು. ಅಂದಿನಿಂದ ಮೊದಲು ಬಚ್ಚಲು, ಆಮೇಲೆ ಟಬ್ ಎಂಬುದು ಮನೆಯ ಕಟ್ಟಳೆ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ, ತಿಂಗಳಿಗೊಮ್ಮೆ ಜಿಡ್ಡು ಬಿಡಿಸುವ ದ್ರಾವಣದಲ್ಲಿ ನೆನೆಸುತ್ತೇನೆ.

ನೀರು ಬದಲಿಸುವುದಕ್ಕೆ ಒಂದು ಒರಟು ಲೆಕ್ಕವಿದೆ: ಲೀಟರುಗಳನ್ನು 12ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಬೇಕು. ನಮ್ಮಿಬ್ಬರಿಗೆ 50 ದಿನ ಬರುತ್ತದೆ. ಚೆಲ್ಲುವ ಮೊದಲು ಕ್ಲೋರಿನ್ ಸೊನ್ನೆಗೆ ಇಳಿದಿದೆಯೇ ಎಂದು ಅಳೆಯದೆ ತೋಟದ ಬಸಿಗಾಲುವೆಗೆ ಬಿಡಬಾರದು, ಅಲ್ಲಿ ಮೀನು ಮರಿ, ಕಪ್ಪೆಗಳಿರುತ್ತವೆ.

ಟಬ್ಬಿಗೆ ನಾಲ್ಕು, ಮಾರಾಟಾನಂತರದ ಸೇವೆಗೆ ಒಂದೂವರೆ ಅಂಕ. ಮುಚ್ಚಳಕ್ಕೆ ಎರಡು, ಏಕೆಂದರೆ ಅದರೊಳಗಿನ ಫೋಮು ಒಂದೇ ಮಳೆಗಾಲದಲ್ಲಿ ನೀರು ಹೀರಿ ಇಬ್ಬರು ಎತ್ತುವಷ್ಟು ಭಾರವಾಯಿತು, ಒಳಮೈಗೆ ಬೂಷ್ಟು ಹಿಡಿಯಿತು. ಟಬ್ ಬೇಕೆನಿಸುವುದು ಜಡಿಮಳೆಯ ಜುಲೈ ತಿಂಗಳಿನಲ್ಲೇ. ಆದರೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೆ ಪಂಪು ತಿರುಗದ ಉಗುರುಬೆಚ್ಚಗಿನ ನೀರು ಕೊಳೆಯತೊಡಗುತ್ತದೆ. ಆದ್ದರಿಂದ ಜೂನ್ ಎರಡನೆಯ ವಾರ ಪೈಪುಗಳನ್ನು ತೊಳೆಯುವ ದ್ರಾವಣ ಹಾಯಿಸಿ, ಖಾಲಿ ಮಾಡಿ, ಒಣಗಿಸಿ ಮುಚ್ಚಿಡುತ್ತೇವೆ. ಸೆಪ್ಟೆಂಬರ್ ಕೊನೆಯವರೆಗೆ ಬೆನ್ನಿಗೆ ಹಂಡೆಯ ನೀರೇ ಗತಿ. ಅದಕ್ಕೆ ಅಮ್ಮನ ಆಕ್ಷೇಪವೇನೂ ಇಲ್ಲ.