ಹಳೇ ಫುಟ್‌ರೆಸ್ಟ್‌ಗೆ ಸ್ಪೇಸರ್ ಬೇಕಾ? ಹಾಸನದ ಈ ಲೇತ್ ಅಂಗಡಿಗೆ ಹೋಗಿ

ಬೈಕಿಗೆ ಸೆಕೆಂಡ್ ಹ್ಯಾಂಡ್ ಫುಟ್‌ರೆಸ್ಟ್ ತಂದು, ಅದರ ಸ್ಪೇಸರ್ (ಫ್ರೇಮಿಗೂ ಫುಟ್‌ರೆಸ್ಟ್ ಪ್ಲೇಟಿಗೂ ನಡುವಿನ ಸಂದಿನಲ್ಲಿ ಕೂರುವ, ಒಳಗೆ ಬೋಲ್ಟ್ ಹಾಯುವ ಚಿಕ್ಕ ಲೋಹದ ತುಂಡು) ಸಿಗದೆ ಒದ್ದಾಡುತ್ತಿರುವವರು ಹಾಸನದ ಸುತ್ತಮುತ್ತ ಇದ್ದರೆ ಬಿ.ಎಂ. ರಸ್ತೆಯ ಕೈಗಾರಿಕಾ ಪ್ರದೇಶದ ಕಡೆ ಬನ್ನಿ. ಅಲ್ಲಿ ಒಂದು ಸಣ್ಣ ಲೇತ್ (ಲೋಹ ತಿರುಗಿಸಿ ಕಡೆಯುವ ಯಂತ್ರ) ಅಂಗಡಿ ಇದೆ. ಹೆಸರಿನ ಬೋರ್ಡ್ ಇಲ್ಲ, ಗೋಡೆ ಮೇಲೆ ‘ಲೇತ್ ಕೆಲಸ’ ಅಂತ ಬಣ್ಣದಲ್ಲಿ ಬರೆದಿದೆ ಅಷ್ಟೇ. ಇರುವುದು ಒಬ್ಬರೇ ಟರ್ನರ್, ಸಹಾಯಕ್ಕೆ ಒಬ್ಬ ಹುಡುಗ. ಕೆಲಸ ಮಾತ್ರ ಬಹಳ ಅಚ್ಚುಕಟ್ಟು.

ನನ್ನದು ಹೀರೊ ಹೋಂಡಾ ಕರಿಜ್ಮಾ, 2003ರಲ್ಲಿ ಬಂತಲ್ಲ, ಆ ಮೊದಲ ಮಾಡೆಲ್. ಫುಟ್‌ರೆಸ್ಟ್ ಪ್ಲೇಟ್ ಬಿರುಕು ಬಿಟ್ಟಿತ್ತು. ಬೆಂಗಳೂರಿನ ಗುಜರಿಯಿಂದ ಬೇರೆ ಬೈಕಿನ ಅಲ್ಯುಮಿನಿಯಂ ಪ್ಲೇಟ್ ಒಂದು ಜೊತೆ ತರಿಸಿದೆ. ಪ್ಲೇಟ್ ಚೆನ್ನಾಗಿಯೇ ಇತ್ತು. ಆದರೆ ಗಾಡಿ ಬಿಚ್ಚುವಾಗ ಇಂಥ ಚಿಕ್ಕಪುಟ್ಟ ಸಾಮಾನು ಯಾರೂ ಎತ್ತಿಡುವುದಿಲ್ಲ, ಅಲ್ವಾ? ಸ್ಪೇಸರ್ ಇರಲಿಲ್ಲ. ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿದರೆ ಬಿಡಿಯಾಗಿ ಸ್ಪೇಸರ್ ಬರುವುದೇ ಇಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂತಾರೆ. ಒಂದು ಕಡೆಯಂತೂ ವಾಷರ್ ಒಂದರ ಮೇಲೊಂದು ಜೋಡಿಸಿ ಬಿಗಿದುಬಿಡಿ ಅಂದರು.

ದಯವಿಟ್ಟು ಅದನ್ನು ಮಾಡಬೇಡಿ. 8 ಎಂಎಂ ಬೋಲ್ಟಿನ ಮಾಮೂಲಿ ವಾಷರ್ ಸುಮಾರು 1.6 ಎಂಎಂ ದಪ್ಪ. ನನ್ನ ಗಾಡಿಯಲ್ಲಿದ್ದಂಥ 14 ಎಂಎಂ ಸಂದು ತುಂಬಬೇಕಾದರೆ ಎಂಟೊಂಬತ್ತು ವಾಷರ್ ಬೇಕು. ನಾವು ಗುಂಡಿ ಹಾರಿಸುವಾಗ ಎದ್ದು ನಿಂತರೆ ಮೈಭಾರವೆಲ್ಲ ಫುಟ್‌ರೆಸ್ಟ್ ಮೇಲೆ. ಆಗ ಒಂದೊಂದು ವಾಷರೂ ಚೂರು ಚೂರು ಸರಿದು ಕೂರುತ್ತೆ, ಬೋಲ್ಟಿನ ಬಿಗಿ ಹೋಗುತ್ತೆ, ಆಮೇಲೆ ಪ್ಲೇಟ್ ಅಲ್ಲಾಡಿ ಅಲ್ಲಾಡಿ ಬೋಲ್ಟೇ ಮುರಿಯಬಹುದು. ನೈಲಾನ್ ತುಂಡು ಹಾಕುವುದೂ ಬೇಡ, ಬಿಗಿದಂತೆ ಅದು ಅಮುಕಿಕೊಳ್ಳುತ್ತೆ. ಎರಡೂ ತುದಿ ಸಪಾಟಾಗಿರುವ ಒಂದೇ ಲೋಹದ ತುಂಡೇ ಆಗಬೇಕು.

ನಾನು ಪ್ಲೇಟ್ ಹಿಡಿದುಕೊಂಡು ಹೋಗಿ 14 ಎಂಎಂದು ನಾಲ್ಕು ಮಾಡಿಕೊಡಿ ಅಂದೆ. ಅವರು ಕೇಳಿದ ಮೊದಲ ಮಾತೇ, “ಗಾಡಿ ತಂದಿದ್ದೀರಾ ಸರ್?” ಈ ಅಂಗಡಿ ನನಗೆ ಹಿಡಿಸಿದ್ದು ಇದಕ್ಕೇ. ಹೊರಗೆ ಬಂದು, ಬ್ರೇಕ್ ಪೆಡಲ್ ಎಂಜಿನ್ ಕವರಿಗೆ ತಾಗದ ಹಾಗೆ ಪ್ಲೇಟನ್ನು ನೇರವಾಗಿ ಹಿಡಿಸಿ, ಪ್ರತಿ ತೂತಿನ ಹತ್ತಿರವೂ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಇಟ್ಟು ಸಂದು ಅಳೆದರು. ಎಡಗಡೆ ಎರಡೂ 14 ಎಂಎಂ. ಬಲಗಡೆ ಮುಂದಿನದು 13.4, ಹಿಂದಿನದು 13.8. ಆ ಪ್ಲೇಟ್ ಹಿಂದೆ ಯಾವಾಗಲೋ ಬಿದ್ದು ಸ್ವಲ್ಪ ಬಾಗಿದೆ, ಕಣ್ಣಿಗೆ ಕಾಣುವುದಿಲ್ಲ. ನಾಲ್ಕಕ್ಕೂ ಒಂದೇ ಅಳತೆ ಹಾಕಿ ಬಿಗಿದಿದ್ದರೆ ಅಲ್ಯುಮಿನಿಯಂ ಮೇಲೆ ಸುಮ್ನೆ ಎಳೆತ ಬಿದ್ದು ಮತ್ತೆ ಬಿರುಕೇ. ಬಳಸಿದ ಸಾಮಾನಿಗೆ ಪುಸ್ತಕದ ಅಳತೆ ನಡೆಯುವುದಿಲ್ಲ.

16 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ರಾಡ್ ಕತ್ತರಿಸಿ, ಒಳಗೆ 8.4 ತೂತು ಹೊಡೆದು, ಎರಡೂ ಮುಖ ಸಪಾಟಾಗಿ ಫೇಸಿಂಗ್ ಮಾಡಿ, ಅಂಚಿನ ಚೂಪು ತೆಗೆದು ಚೇಂಫರ್ ಕೊಟ್ಟರು. ಬಲಗಡೆಯವು ಅದಲುಬದಲಾಗಬಾರದು ಅಂತ ಮುಂದಿನದಕ್ಕೆ ಒಂದು ಚುಕ್ಕೆ, ಹಿಂದಿನದಕ್ಕೆ ಎರಡು ಚುಕ್ಕೆ ಪಂಚ್ ಹೊಡೆದರು. ಇದನ್ನು ನಾನು ಕೇಳಿರಲಿಲ್ಲ. ಹಳೇ ಬೋಲ್ಟ್ ನೋಡಿ, “ಇದು ಎರಡು ಸುತ್ತೂ ಕೂರಲ್ಲ ಸರ್, ಉದ್ದದ್ದು ತಗೊಳ್ಳಿ” ಅಂತ ವಾಪಸ್ ಕೊಟ್ಟರು. ಮಾತು ಸರಿ. 8 ಎಂಎಂ ಬೋಲ್ಟಿಗೆ ಒಂದು ಸುತ್ತಿಗೆ 1.25 ಎಂಎಂ ಮಾತ್ರ ಒಳಗೆ ಹೋಗುತ್ತೆ, ಕಬ್ಬಿಣದ ಫ್ರೇಮಿನಲ್ಲಿ ಕಡಿಮೆ ಅಂದರೂ ಆರೇಳು ಸುತ್ತು ಹಿಡಿಯಬೇಕು. ತಲೆ ಮೇಲೆ 8.8 ಅಂತ (ಬೋಲ್ಟಿನ ಬಲದ ಗುರುತು) ಇರುವ ಬೋಲ್ಟನ್ನೇ ಕೇಳಿ ತಗೊಳ್ಳಿ.

ನಾಲ್ಕಕ್ಕೂ ಸೇರಿ 400 ರೂಪಾಯಿ. ನನಗೆ ಜಾಸ್ತಿ ಅನ್ನಿಸಲಿಲ್ಲ. ಸಕಲೇಶಪುರದ ಕಡೆ ಹಾಳಾದ ರಸ್ತೆಯಲ್ಲೂ ಓಡಿಸಿದ್ದೇನೆ, ಒಂದು ಚೂರೂ ಸಡಿಲವಾಗಿಲ್ಲ.

ಕೊರತೆಯೂ ಇದೆ. ತುಕ್ಕು ತಡೆಯುವ ಪ್ಲೇಟಿಂಗ್ (ಲೋಹದ ಲೇಪ) ಇವರಲ್ಲಿ ಇಲ್ಲ. ಬರೀ ಎಂಎಸ್ ನಮ್ಮ ಮಲೆನಾಡಿನ ಮಳೆಗೆ ಬೇಗ ತುಕ್ಕು ಹಿಡಿಯುತ್ತೆ, ಹಾಗಾಗಿ ನಾನೇ ಜಿಂಕ್ ಪ್ರೈಮರ್ ಹೊಡೆದು, ಬೋಲ್ಟಿಗೆ ಗ್ರೀಸ್ ಹಚ್ಚಿ ಕೂರಿಸಿದೆ. ಸ್ಟೇನ್‌ಲೆಸ್ ಸ್ಟೀಲ್ ಬೇಕಾದರೆ ಮಾಡಿಕೊಡುತ್ತಾರೆ, ರೇಟ್ ಬೇರೆ. ಬಿಲ್ ಸಿಗುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೆಲಸ ತುಂಬಿಕೊಳ್ಳುತ್ತೆ, ಆಗ ನಮ್ಮ ಸಣ್ಣ ಕೆಲಸ ಹಿಂದೆ ಬೀಳುತ್ತೆ. ಬೆಳಿಗ್ಗೆ ಟಿಲ್ಲರ್, ಬೋರ್‌ವೆಲ್ ಮೋಟರ್ ತಂದವರೇ ಇರುತ್ತಾರೆ. ಊಟದ ಹೊತ್ತು ಕಳೆದ ಮೇಲೆ ಹೋಗಿ, ಪ್ಲೇಟ್ ಜೊತೆಗೆ ಗಾಡಿಯನ್ನೂ ತಗೊಂಡು ಹೋಗಿ.