ಮೂಡಿಗೆರೆ ಬಳಿಯ ಹಳೆಯ ಪಲ್ಪರ್ ಹೌಸ್: ನೋಡಲೇಬೇಕಾದದ್ದು, ತಿದ್ದಬೇಕಾದದ್ದು

ಮೂಡಿಗೆರೆ ತಾಲ್ಲೂಕಿನ ಕಾಫಿ ಎಸ್ಟೇಟೊಂದರ ಹೋಂಸ್ಟೇಯವರು ತಮ್ಮ ಹಳೆಯ ಪಲ್ಪರ್ ಹೌಸನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮನೆಯನ್ನು, ತಲಾ 300 ರೂಪಾಯಿ ಪಡೆದು ಎರಡು ಗಂಟೆ ಕಾಲ ತೋರಿಸುತ್ತಾರೆ. ಯಂತ್ರ, ಕಟ್ಟಡ ಮತ್ತು ದುಡಿಮೆಯನ್ನು ಒಟ್ಟಿಗೆ ಓದುವ ಕೈಗಾರಿಕಾ ಪುರಾತತ್ತ್ವದಲ್ಲಿ ಆಸಕ್ತಿಯುಳ್ಳವರು ಚಿಕ್ಕಮಗಳೂರು ಜಿಲ್ಲೆಗೆ ಬಂದರೆ ಇದನ್ನು ನೋಡದೆ ಹೋಗಬಾರದು.

ಇಲ್ಲಿನ ದೊಡ್ಡ ಗುಣವೆಂದರೆ ಎಂಜಿನ್ ಒಂದನ್ನು ಬಿಟ್ಟರೆ ಯಾವುದನ್ನೂ ಅದರ ಜಾಗದಿಂದ ಕಿತ್ತಿಲ್ಲ. ಇಳಿಜಾರಿನ ಮೇಲ್ತುದಿಯಲ್ಲಿ ಹಣ್ಣು ಸುರಿಯುವ ತೊಟ್ಟಿ, ಕೆಳಗೆ ಪಲ್ಪರ್, ಇನ್ನೂ ಕೆಳಗೆ ಬೀಜದ ಲೋಳೆ ಬಿಡಿಸುವ ತೊಟ್ಟಿಗಳು, ತೊಳೆಯುವ ಕಾಲುವೆ, ಕೊನೆಗೆ ಒಣಗಿಸುವ ಕಣ ಇವೆ. ನೀರೇ ಎಲ್ಲವನ್ನೂ ಹೊತ್ತು ಇಳಿಯುವಂತೆ ಕಟ್ಟಿದ ಈ ಸಾಲಿನಲ್ಲಿ ಗುಡ್ಡದ ಇಳಿಜಾರೂ ಯಂತ್ರದ ಒಂದು ಭಾಗವೇ ಆಗಿದೆ. ಇದೇ ಪಲ್ಪರನ್ನು ಹೋಟೆಲಿನ ಹಜಾರದಲ್ಲಿ ಅಲಂಕಾರಕ್ಕೆ ಇಟ್ಟಿದ್ದರೆ ಇದರಲ್ಲಿ ಅರ್ಧವೂ ತಿಳಿಯುತ್ತಿರಲಿಲ್ಲ. ನೆಲದ ಕಾಂಕ್ರೀಟಿನಲ್ಲಿ ಉಳಿದ ನಾಲ್ಕು ಬೋಲ್ಟುಗಳನ್ನೂ ಗೋಡೆಯಲ್ಲಿರುವ ಶಾಫ್ಟಿನ ಆಧಾರಗಳನ್ನೂ ಅಳೆದರೆ, ಈಗ ಇಲ್ಲದ ಆಯಿಲ್ ಎಂಜಿನ್ ಎಲ್ಲಿ ಕೂತಿತ್ತು, ಬೆಲ್ಟು ಯಾವ ದಾರಿಯಲ್ಲಿ ಓಡುತ್ತಿತ್ತು ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಬಹುದು. ಈ ಶಾಸ್ತ್ರದಲ್ಲಿ ಅಗೆತಕ್ಕಿಂತ ಹೆಚ್ಚಾಗಿ ನಡೆಯುವುದು ಇಂಥ ಅಳತೆ, ಛಾಯಾಚಿತ್ರ ಮತ್ತು ಹಳೆಯ ದಾಖಲೆಗಳ ತಾಳೆ ನೋಡುವ ಕೆಲಸ.

ಅಳತೆಗೆ ಸಿಗದ್ದನ್ನು ಅಲ್ಲಿ ದುಡಿದವರೇ ಹೇಳಬೇಕು. ನಮ್ಮನ್ನು ಕರೆದೊಯ್ದವರು ಅದೇ ಎಸ್ಟೇಟಿನ ನಿವೃತ್ತ ಮೇಸ್ತ್ರಿಗಳು. ಪಲ್ಪರಿನಲ್ಲಿ ತಿರುಗುವ ಡ್ರಮ್ಮಿನ ತಾಮ್ರದ ತಗಡಿನ ಉಬ್ಬುಗಳ ಮೇಲೆ ನನ್ನ ಬೆರಳು ಇಡಿಸಿ, "ನಡುವೆ ನುಣ್ಣಗಾಗಿದೆ ನೋಡಿ ಸಾರ್, ಅಂಚಲ್ಲಿ ಇನ್ನೂ ಒರಟಿದೆ" ಎಂದರು. ಡ್ರಮ್ಮಿಗೂ ಅದರ ಎದುರಿನ ಪಟ್ಟಿಗೂ ನಡುವಿನ ಅಂತರ ಬಿಗಿಯಾದರೆ ಬೀಜ ಕತ್ತರಿಸಿಹೋಗುತ್ತದೆ, ಸಡಿಲವಾದರೆ ಹಣ್ಣು ಸುಲಿಯದೆ ಜಾರಿಬಿಡುತ್ತದೆ; ಹಾಗಾಗಿ ಹಣ್ಣಿನ ಗಾತ್ರ ನೋಡಿ ತಿರುಪು ಸರಿಮಾಡುತ್ತಿದ್ದ ಬಗೆಯನ್ನು ಅವರು ಕೈಯಲ್ಲೇ ಅಭಿನಯಿಸಿ ತೋರಿಸಿದರು.

ಇನ್ನು ಕೊರತೆಗಳು. ಪಲ್ಪರಿನ ಮೈಗೆ ಈಚೆಗೆ ದಪ್ಪ ಹಸಿರು ಬಣ್ಣ ಬಳಿದಿರುವುದರಿಂದ ತಯಾರಕರ ಹೆಸರಿನ ಎರಕದ ಅಕ್ಷರಗಳು ಮುಚ್ಚಿಹೋಗಿವೆ. ಯಂತ್ರ ಯಾವ ಊರಿನದು, ಯಾವ ಕಾಲದ್ದು ಎಂದು ಹುಡುಕಲು ಮೊದಲ ಸುಳಿವೇ ಅದಾಗಿತ್ತು. ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು, ಕೂಗಳತೆಯಲ್ಲೇ ಇರುವ ಕೂಲಿ ಲೈನುಗಳನ್ನು, ಅಂದರೆ ಕಾರ್ಮಿಕರ ಸಾಲುಮನೆಗಳನ್ನು, ವೀಕ್ಷಣೆಯಿಂದ ಹೊರಗಿಟ್ಟದ್ದು. 1955ರಲ್ಲಿ ಇಂಗ್ಲೆಂಡಿನ ಮೈಕೆಲ್ ರಿಕ್ಸ್ ಈ ಶಾಸ್ತ್ರದ ಹೆಸರನ್ನು ಲೇಖನವೊಂದರಲ್ಲಿ ಬಳಕೆಗೆ ತಂದಾಗಲೂ, 1961ರಲ್ಲಿ ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಹಳೆಯ ಹೆಬ್ಬಾಗಿಲಾದ ಯೂಸ್ಟನ್ ಕಮಾನನ್ನು ಕೆಡವಲು ತೊಡಗಿದಾಗ ಜನ ಪ್ರತಿಭಟಿಸಿದಾಗಲೂ ಗಮನ ಹೆಚ್ಚಾಗಿ ಕಟ್ಟಡ ಮತ್ತು ಯಂತ್ರಗಳ ಮೇಲೇ ಇತ್ತು. ಕೈಗಾರಿಕಾ ಪರಂಪರೆಯ ರಕ್ಷಣೆಗಾಗಿ ರಷ್ಯಾದ ನಿಜ್ನಿ ಟಾಗಿಲ್‌ನಲ್ಲಿ ಒಪ್ಪಿದ 2003ರ ಅಂತರರಾಷ್ಟ್ರೀಯ ಸನ್ನದಾದರೋ ಕಾರ್ಮಿಕರ ವಸತಿಯನ್ನೂ ಆ ಪರಂಪರೆಯೊಳಗೆ ಸೇರಿಸಿದೆ. ಹಣ್ಣು ಕೊಯ್ದು ತಂದವರ ಮನೆಗಳಿಲ್ಲದೆ ಈ ಪಲ್ಪರ್ ಹೌಸಿನ ಕಥೆ ಪೂರ್ತಿಯಾಗುವುದಿಲ್ಲ.

ಮಳೆಗಾಲದಲ್ಲಿ ಕಾಲುವೆಯ ಅಂಚು ಪಾಚಿಗಟ್ಟಿ ಜಾರುವುದರಿಂದ ಕೊಯ್ಲಿನ ತಿಂಗಳುಗಳಲ್ಲಿ ಹೋಗುವುದು ಒಳ್ಳೆಯದು. ಹೊರಡುವಾಗ ನಾನು ಬಣ್ಣದ ಮತ್ತು ಲೈನುಗಳ ವಿಷಯವನ್ನು ಯಜಮಾನರಿಗೆ ತಿಳಿಸಿದೆ. ಲೈನುಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಮೇಸ್ತ್ರಿಗಳ ಮಾತನ್ನು ಧ್ವನಿಮುದ್ರಿಸಿ ಇಡಲು ಮಾತ್ರ ಒಪ್ಪಿಕೊಂಡಿದ್ದಾರೆ.