ತಮ್ಮನ ಧಾರೆಗೆ ನನ್ನ ಕ್ಯಾಮೆರಾ, ತಂಗಿಯ ಧಾರೆಗೆ ವೃತ್ತಿಪರರು

ಮನೆಯ ಎರಡು ಮದುವೆಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಮುಹೂರ್ತದ ಹೊತ್ತಿಗೆ ವೃತ್ತಿಪರ ಛಾಯಾಗ್ರಾಹಕರೇ ಇರಬೇಕೆಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ತಮ್ಮನ ಮದುವೆಯಲ್ಲಿ ಖರ್ಚು ಉಳಿಸುವ ಹುರುಪಿನಿಂದ ಆ ಕೆಲಸವನ್ನು ಹವ್ಯಾಸಿಯಾದ ನಾನೇ ವಹಿಸಿಕೊಂಡಿದ್ದೆ. ರಂಗನತಿಟ್ಟಿನಲ್ಲಿ ಹಾರುವ ಕೊಕ್ಕರೆಗಳನ್ನು ಹಿಡಿದವನಿಗೆ ಹಸೆಮಣೆಯ ಮೇಲೆ ಕುಳಿತ ಇಬ್ಬರು ಯಾವ ಲೆಕ್ಕ ಎಂಬ ಧೈರ್ಯ ನನ್ನದು.

ಪುರೋಹಿತರ ಮಂತ್ರಕ್ಕೆ ಅಡ್ಡಿಯಾಗಬಾರದೆಂದು ಕ್ಯಾಮೆರಾವನ್ನು ಸದ್ದಿಲ್ಲದ ಶಟರಿಗೆ ಹಾಕಿ, ಅಕ್ಷತೆಯ ಕಾಳು ಗಾಳಿಯಲ್ಲೇ ನಿಂತಂತೆ ಕಾಣಲೆಂದು ವೇಗವನ್ನು 1/500 ಸೆಕೆಂಡಿಗೆ ಏರಿಸಿದ್ದೆ. ರಾತ್ರಿ ಕಂಪ್ಯೂಟರಿನಲ್ಲಿ ತೆರೆದಾಗ, ಅಂತರಪಟ ಸರಿದಲ್ಲಿಂದ ಮಾಂಗಲ್ಯಧಾರಣೆಯವರೆಗಿನ ಪ್ರತಿಯೊಂದು ಚಿತ್ರದಲ್ಲೂ ವಧೂವರರ ಮುಖದ ಮೇಲೆ ಪಂಚೆಯ ಅಂಚಿನಂಥ ಕಪ್ಪು ಪಟ್ಟೆಗಳು ಅಡ್ಡಡ್ಡ ಬಿದ್ದಿದ್ದವು.

ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಛತ್ರದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ; ಆದರೆ ಸದ್ದಿಲ್ಲದ ಶಟರ್ ದೃಶ್ಯವನ್ನು ಸಾಲುಸಾಲಾಗಿ ಓದುವುದರಿಂದ, ದೀಪ ಮಂಕಾದಾಗ ಓದಿದ ಸಾಲುಗಳೆಲ್ಲ ಕಪ್ಪಾಗುತ್ತವೆ. ಒಂದು ವಾರ ತಂತ್ರಾಂಶದಲ್ಲಿ ತಿದ್ದಿದೆ. ಕಪ್ಪು ಬಿಳುಪಿಗೆ ಬದಲಿಸಿದಾಗ ಬಣ್ಣದ ವ್ಯತ್ಯಾಸ ಹೋಯಿತೇ ಹೊರತು ಪಟ್ಟೆ ಹೋಗಲಿಲ್ಲ.

ತಂಗಿಯ ಮದುವೆಗೆ ಗೊತ್ತುಮಾಡಿದ ಛಾಯಾಗ್ರಾಹಕರು ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆಯೇ ಖಾಲಿ ಮಂಟಪದ ನಾಲ್ಕಾರು ಚಿತ್ರ ತೆಗೆದು, ಹಿಗ್ಗಿಸಿ ನೋಡಿದರು. "ಛತ್ರದ ದೀಪ ನೋಡದೆ ವೇಗ ಇಡಬಾರದು ಸಾರ್" ಎನ್ನುತ್ತಾ ಸಾಮಾನ್ಯ ಶಟರನ್ನೇ ಇಟ್ಟುಕೊಂಡು, ವೇಗವನ್ನು ದೀಪ ಒಮ್ಮೆ ಮಂಕಾಗಿ ಬೆಳಗುವಷ್ಟೇ ಹೊತ್ತಿನ 1/100ಕ್ಕೆ ನಿಲ್ಲಿಸಿ, ಫ್ಲ್ಯಾಶನ್ನು ಬಿಳಿಯ ಚಾವಣಿಯತ್ತ ತಿರುಗಿಸಿದರು. ಜೀರಿಗೆ ಬೆಲ್ಲದ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದು ಅವರಿಗೆ ಗೊತ್ತಿತ್ತು. ನನಗೆ ಸಿಕ್ಕಿದ್ದು ಸೋದರಮಾವನ ಬೆನ್ನು. ಅವರ ಕ್ಯಾಮೆರಾ ಏಕಕಾಲಕ್ಕೆ ಎರಡು ಮೆಮೊರಿ ಕಾರ್ಡುಗಳಿಗೆ ಬರೆಯುತ್ತದೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯುತ್ತದೆ; ನನ್ನದರಲ್ಲಿ ಒಂದೇ ಕಾರ್ಡು.

ಆದರೆ ಅವರ ಆಲ್ಬಮ್ ಕೈಸೇರಲು ನಾಲ್ಕು ತಿಂಗಳಾಯಿತು, ಮೂಲ ಕಡತಗಳನ್ನು ಕೇಳಿದರೂ ಕೊಡಲಿಲ್ಲ. ಅಡುಗೆ ಭಟ್ಟರು ಹೋಳಿಗೆ ಬೇಯಿಸುವುದಾಗಲಿ, ಕಂಬಕ್ಕೊರಗಿ ಅಜ್ಜಿ ಎಲೆಗೆ ಸುಣ್ಣ ಹಚ್ಚುವುದಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಅವೆಲ್ಲ ನನ್ನ ಕ್ಯಾಮೆರಾದಲ್ಲಿವೆ.

ಎರಡು ದಿನಕ್ಕೆ ಅವರು ಹೇಳಿದ ಮೊತ್ತ ನಮ್ಮ ಕೈಗೆಟುಕುವಂತಿರಲಿಲ್ಲವಾದ್ದರಿಂದ, ವಿಡಿಯೋ ಬಿಟ್ಟು, ಧಾರೆಯ ದಿನದ ಬೆಳಗಿಗೆ ಮಾತ್ರ ಅವರನ್ನು ಕರೆದೆವು. ನಾಂದಿ ಮತ್ತು ಆರತಕ್ಷತೆ ನನ್ನ ಪಾಲಿಗೆ ಬಂದವು. ತೆಗೆದದ್ದನ್ನು ರಾತ್ರಿಯವರೆಗೆ ತಿರುಗಿ ನೋಡದ ನನ್ನಂಥವರಿಗೆ ಈ ಹಂಚಿಕೆಯೇ ಕ್ಷೇಮ. ತಮ್ಮನ ಮನೆಯ ಗೋಡೆಯಲ್ಲಿ ಈಗಲೂ ಇರುವುದು, ಚಿಕ್ಕಮ್ಮ ಮೂರನೆಯ ಸಾಲಿನಿಂದ ಮೊಬೈಲಿನಲ್ಲಿ ತೆಗೆದ ಧಾರೆಯ ಚಿತ್ರ.